ಟೆಂಟಿಗೂ ಒಂದು ಚಪ್ಪರ ಬೇಕು: ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಹೊರಗೆ ಮಲಗುವವರಿಗೆ

ನಮ್ಮಲ್ಲಿ ಶಾಲೆಗಳಿಗೆ ಉದ್ದನೆಯ ರಜೆ ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಟೆಂಟಿನಲ್ಲಿ ಮಲಗುವುದಕ್ಕೆ ವರ್ಷದಲ್ಲೇ ಅತಿ ಕಷ್ಟದ ಕಾಲವೂ ಅದೇ. ‘ಡಿಸೆಂಬರಿನಲ್ಲಿ ಹೋಗಬಹುದಲ್ಲ’ ಎನ್ನುವವರ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ ಎಂದೇ ಲೆಕ್ಕ. ಹಾಗಾಗಿ ಬೇಸಿಗೆಯಲ್ಲೇ ಹೊರಡುವವರು ಏನು ಮಾಡಬಹುದು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಒಮ್ಮೆ ಕಾದ ಟೆಂಟನ್ನು ತಣ್ಣಗಾಗಿಸುವ ಯಂತ್ರವಾಗಲಿ ಮಂತ್ರವಾಗಲಿ ಇಲ್ಲ. ಅದು ಕಾಯದಂತೆ ತಡೆಯಬಹುದು, ಅಷ್ಟೇ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆಗುವುದೇ ಇಲ್ಲಿಯೂ ಆಗುತ್ತದೆ. ತೆಳುವಾದ ಪಾಲಿಯೆಸ್ಟರ್ ಬಟ್ಟೆ ಬಿಸಿಲು ಕುಡಿದು ಕಾಯುತ್ತದೆ, ಆ ಶಾಖವನ್ನು ಒಳಕ್ಕೆ ಸೂಸುತ್ತದೆ, ಒಳಗಿನ ಗಾಳಿಗೆ ಹೊರಹೋಗುವ ದಾರಿ ಇರುವುದಿಲ್ಲ. ಅದರ ಮೇಲೆ ನಾವು ಬೇರೆ. ಸುಮ್ಮನೆ ಮಲಗಿದ ವಯಸ್ಕರೊಬ್ಬರ ಮೈ ಸುಮಾರು 80 ವ್ಯಾಟ್ ಶಾಖ ಬಿಡುತ್ತದೆ. ನಾಲ್ವರ ಸಂಸಾರ ಒಂದೇ ಟೆಂಟಿನಲ್ಲಿ ಮಲಗಿದರೆ 300 ವ್ಯಾಟಿನ ಹೀಟರ್ ಹಚ್ಚಿಟ್ಟು ಬಾಗಿಲು ಮುಚ್ಚಿಕೊಂಡಂತೆಯೇ. ಬೆವರು, ಉಸಿರುಗಳ ತೇವ ಬೇರೆ ಸೇರುತ್ತದೆ.

ಕರಾವಳಿ, ಮಲೆನಾಡುಗಳ ಅಂಗಳದಲ್ಲಿ ಬೇಸಿಗೆಗೆ ಸೋಗೆಯ ಚಪ್ಪರ ಏಳುವುದನ್ನು ನೋಡಿದ್ದೀರಿ. ಅದರ ನಾಲ್ಕೂ ಬದಿ ತೆರೆದಿರುತ್ತದೆ, ಬಿಸಿಲನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ, ಅಡಿಯಲ್ಲಿ ಗಾಳಿ ಓಡಾಡುತ್ತದೆ. ಟೆಂಟಿಗೂ ಬೇಕಾದದ್ದು ಅದೇ. ಉಳಿದದ್ದೆಲ್ಲ ಅದರ ನಂತರದ ಮಾತು.

ಮೊದಲು ಜಾಗ

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಒಂದು ಸಾವಿರ ಮೀಟರ್ ಎತ್ತರಕ್ಕೆ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹತ್ತಿದರೆ ಸುಮಾರು 700 ಮೀಟರ್ ಏರಿದಂತಾಯಿತು, ಅಂದರೆ ನಾಲ್ಕು ಡಿಗ್ರಿ ಪುಕ್ಕಟೆಯಾಗಿ ಕಡಿಮೆ. ಯಾವ ಫ್ಯಾನೂ ಟೆಂಟಿನೊಳಗೆ ಇಷ್ಟು ಇಳಿಸಲಾರದು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಹೋಗುವ ಅವಕಾಶವಿದ್ದರೆ ಬೇಸಿಗೆಯಲ್ಲಿ ಅದನ್ನೇ ಆರಿಸಿ.

ಎಲ್ಲರಿಗೂ ಅದು ಆಗುವುದಿಲ್ಲ. ಬಯಲುಸೀಮೆಯಲ್ಲಾದರೆ ಹಗಲು 40 ಡಿಗ್ರಿ ಸುಟ್ಟರೂ ಗಾಳಿ ಒಣಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ನಡುರಾತ್ರಿಯ ಹೊತ್ತಿಗೆ ಹೊರಗೆ ಹಿತವಾಗುತ್ತದೆ. ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ಕಡೆ ಉಷ್ಣಾಂಶ 34–35 ದಾಟುವುದು ಕಡಿಮೆಯಾದರೂ ಗಾಳಿಯ ತೇವ ಬೆವರನ್ನು ಆರಲು ಬಿಡುವುದಿಲ್ಲ, ರಾತ್ರಿಯೂ ಹೆಚ್ಚೇನೂ ಇಳಿಯುವುದಿಲ್ಲ. ಹೆಸರಿಗೆ ಕಡಿಮೆ ಡಿಗ್ರಿ ಇದ್ದರೂ ಚಿಕ್ಕ ಮಕ್ಕಳಿಗೆ ಮೇ ತಿಂಗಳ ಕಡಲ ತೀರವೇ ಹೆಚ್ಚು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಕಾಡಿನೊಳಗೆ ಮನಸ್ಸಿಗೆ ಬಂದಲ್ಲಿ ಟೆಂಟ್ ಹೂಡುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಎಷ್ಟೋ ಚಾರಣದ ದಾರಿಗಳನ್ನು ಮುಚ್ಚಿಬಿಡುತ್ತಾರೆ. ಹಾಗಾಗಿ ಸಂಸಾರಸ್ಥರಿಗೆ ಉಳಿಯುವುದು ಪರವಾನಗಿ ಇರುವ ಶಿಬಿರ ತಾಣಗಳು, ಹೋಂಸ್ಟೇ ಅಂಗಳಗಳು, ಬಂಧುಗಳ ತೋಟ. ನನ್ನನ್ನು ಕೇಳಿದರೆ ಮೂರನೆಯದಕ್ಕೆ ಸಮನಾದದ್ದಿಲ್ಲ. ಚಿಕ್ಕಪ್ಪನ ಮಾವಿನ ತೋಪಿನಲ್ಲಿ ನೆರಳಿದೆ, ಕೊಳವೆಬಾವಿಯ ನೀರಿದೆ, ಕರೆದರೆ ಕೇಳಿಸುವಷ್ಟು ಹತ್ತಿರ ಜನರಿದ್ದಾರೆ, ಮಕ್ಕಳಿಗೆ ಕಾಯಿ ಕೀಳುವ ಕೆಲಸವೂ ಇದೆ.

ಮರ ಆರಿಸುವಾಗ ಮೇಲೆ ನೋಡಿ. ಹೊಂಗೆ, ಹುಣಸೆ, ಮಾವು, ಹಲಸು, ಆಲ ಇವುಗಳ ನೆರಳು ದಟ್ಟ. ಹೊಂಗೆಯಂತೂ ಬೇಸಿಗೆಗೆಂದೇ ಹೊಸ ಎಲೆ ತೊಟ್ಟುಕೊಂಡು ನಿಂತಿರುತ್ತದೆ. ನೀಲಗಿರಿಯ ನೆರಳು ತೆಳು, ಅದರ ಕೊಂಬೆಗಳು ಗಾಳಿಗೆ ಮುರಿದು ಬೀಳುವುದೂ ಉಂಟು. ತೆಂಗಿನ ಮರದ ಅಡಿ ಟೆಂಟ್ ಹಾಕಿದ ಫೋಟೊಗಳು ಎಷ್ಟು ಚೆಂದ ಕಂಡರೂ ಅಲ್ಲಿ ಮಕ್ಕಳನ್ನು ಮಲಗಿಸಬೇಡಿ. ಒಂದು ಕಾಯಿ ಅಥವಾ ಒಣಗಿದ ಗರಿ ಬಿದ್ದರೆ ಮುಗಿಯಿತು. ಅಡಕೆ ತೋಟದೊಳಗೆ ತಂಪಿದ್ದರೂ ಗಾಳಿ ಆಡುವುದಿಲ್ಲ, ಸೊಳ್ಳೆ ವಿಪರೀತ. ತೋಟದ ಅಂಚೇ ಮೇಲು. ಮಾವಿನ ಮರವಾದರೆ ಕೆಂಪಿರುವೆ ಗೂಡು ಕಟ್ಟಿದೆಯೇ ಎಂದು ನೋಡಿಯೇ ಹಗ್ಗ ಬಿಗಿಯಿರಿ.

ನೆಲದ ಬಗ್ಗೆ ಜನ ಯೋಚಿಸುವುದೇ ಇಲ್ಲ. ಹಂಪಿ, ಆನೆಗೊಂದಿ, ರಾಮನಗರದ ಕಡೆ ಬಂಡೆಯ ಮೇಲೆ ಟೆಂಟ್ ಹೂಡುವ ಆಸೆ ಸಹಜ. ಆದರೆ ಹಗಲೆಲ್ಲ ಕಾದ ಬಂಡೆ ಆ ಶಾಖವನ್ನು ರಾತ್ರಿ ಬಹಳ ಹೊತ್ತಿನವರೆಗೂ ಬಿಡುತ್ತಲೇ ಇರುತ್ತದೆ. ಅಡಿಯಿಂದ ಒಲೆ ಉರಿಯುತ್ತಿರುವಾಗ ಮೇಲೆ ಎಷ್ಟು ಗಾಳಿ ಬೀಸಿದರೇನು? ಕರಾವಳಿಯ ಮುರಕಲ್ಲಿನ ಪದರಗಳೂ, ಸಿಮೆಂಟಿನ ಅಂಗಳವೂ ಹಾಗೆಯೇ. ಹುಲ್ಲು ನೆಲ ಅಥವಾ ನೆರಳಿನಲ್ಲಿರುವ ಮಣ್ಣಿನ ನೆಲ ಹುಡುಕಿ. ಅಂಗೈಯನ್ನು ನೆಲದ ಮೇಲೆ ಒಂದು ನಿಮಿಷ ಇಟ್ಟು ನೋಡಿದರೆ ಸಾಕು, ಬೇರೆ ಪರೀಕ್ಷೆ ಬೇಡ.

ಹೊಳೆಯ ದಂಡೆ ತಂಪು, ನಿಜ. ಕಾವೇರಿ, ತುಂಗಭದ್ರೆಗಳಲ್ಲಿ ಮೊಸಳೆಗಳಿವೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಒಣಗಿದ ಮರಳ ದಿಬ್ಬಕ್ಕೆ ಏಕಾಏಕಿ ನೀರು ನುಗ್ಗುತ್ತದೆ ಎಂಬುದೂ ಅಷ್ಟೇ ನಿಜ. ಪಾತ್ರದೊಳಗೆ ಇಳಿಯದೆ ಎತ್ತರದ ದಂಡೆಯಲ್ಲಿ, ಸ್ಥಳೀಯರು ಸರಿ ಎಂದ ಕಡೆ ಮಾತ್ರ ಟೆಂಟ್ ಹೂಡಿ.

ಇನ್ನೊಂದು ಎಚ್ಚರಿಕೆ ಮಲೆನಾಡಿಗೆ ಹೋಗುವವರಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣೆ ಹುಳುಗಳಿಂದ, ಅದರ ಕಾಲ ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಾಯಿಲೆ ಕಾಣಿಸಿಕೊಂಡ ಊರುಗಳ ಸುದ್ದಿಯನ್ನು ಹೊರಡುವ ಮೊದಲೇ ವಿಚಾರಿಸಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಬೇರೆಡೆಯೂ ತರಗೆಲೆಯ ಮೇಲೆ ಟೆಂಟ್ ಹಾಸಬೇಡಿ. ಗುಡಿಸಿ, ಬರಿ ನೆಲ ಮಾಡಿಕೊಂಡು ಹಾಸಿ.

ಯಾವ ಟೆಂಟ್

ಇರುವುದನ್ನೇ ಬಳಸುವವರು ಈ ಭಾಗವನ್ನು ದಾಟಿಕೊಂಡು ಹೋಗಬಹುದು. ಕೊಳ್ಳುವವರು ಎರಡು ಪದರದ್ದನ್ನು ಕೊಳ್ಳಿ. ಒಳಟೆಂಟಿನ ಮೇಲ್ಭಾಗವೆಲ್ಲ ಜಾಲರಿಯಾಗಿದ್ದು, ಮಳೆ ತಡೆಯುವ ಮೇಲ್ಹೊದಿಕೆ ಬೇರೆಯಾಗಿ ತೆಗೆದು ಹಾಕುವಂತಿರಬೇಕು. ಒಂದೇ ಪದರದ, ಅಂಗೈ ಅಗಲದ ಕಿಟಕಿಯ ಅಗ್ಗದ ಟೆಂಟುಗಳು ನಮ್ಮ ಬೇಸಿಗೆಗೆ ಹೇಳಿದ್ದಲ್ಲ. ಎದುರುಬದುರು ಎರಡು ಬಾಗಿಲುಗಳಿದ್ದರೆ ಇನ್ನೂ ಒಳ್ಳೆಯದು.

‘ನಾಲ್ವರ ಟೆಂಟ್’ ಎಂದು ಬರೆದಿದ್ದರೆ ನಾಲ್ವರು ಮೈಗೆ ಮೈ ತಾಗಿಸಿ ಮಲಗಬಹುದು ಎಂದಷ್ಟೇ ಅರ್ಥ. ಸೆಕೆಯಲ್ಲಿ ಅದು ನಡೆಯದು. ನಾಲ್ವರಿಗೆ ಆರು ಜನರದ್ದನ್ನು ಕೊಳ್ಳಿ, ಅಥವಾ ಎರಡು ಚಿಕ್ಕವು. ಬೆಳಕು ತೂರದಂತೆ ಒಳಗೆ ಕಪ್ಪು ಲೇಪನ ಕೊಟ್ಟ ಟೆಂಟುಗಳೂ ಈಗ ಸಿಗುತ್ತವೆ. ಬೆಳಿಗ್ಗೆ ಮಕ್ಕಳು ಇನ್ನಷ್ಟು ಹೊತ್ತು ಮಲಗಲು ಅವು ಅನುಕೂಲ. ಆದರೆ ಚಪ್ಪರ ಹಾಕುವವರಿಗೆ ಅದಕ್ಕಾಗಿ ಹೆಚ್ಚು ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಚಪ್ಪರ ಹಾಕುವ ಬಗೆ

ಚಳಿ ದೇಶದವರು ಬರೆದ ಸಲಹೆಗಳಲ್ಲಿ ‘ಮರದ ಉತ್ತರಕ್ಕೆ ಟೆಂಟ್ ಹೂಡಿ, ನೆರಳು ಬೀಳುತ್ತದೆ’ ಎಂದಿರುತ್ತದೆ. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮಲ್ಲಿ ಬೇಸಿಗೆಯ ಕಥೆಯೇ ಬೇರೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ಹಂಪಿಯಲ್ಲಿ ಮೇ ಮೊದಲ ವಾರ, ಕಲಬುರಗಿಯಲ್ಲಿ ಎರಡನೇ ವಾರ. ಅಂದು ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಆಮೇಲೆ ಮೂರು ನಾಲ್ಕು ತಿಂಗಳು ಉತ್ತರಕ್ಕೇ ಸರಿದಿರುತ್ತಾನೆ. ಪಕ್ಕದ ಮರದ ನೆರಳು ಮಧ್ಯಾಹ್ನಕ್ಕೆ ಬುಡಕ್ಕೆ ಮುದುಡಿಕೊಳ್ಳುತ್ತದೆ. ಆದ್ದರಿಂದ ನಮಗೆ ಮುಖ್ಯವಾಗಿ ಬೇಕಾದದ್ದು ಮೇಲಿನ ಮುಚ್ಚಿಗೆ, ಎರಡನೆಯದಾಗಿ ಪಶ್ಚಿಮದ ತಡೆ.

ಸಾಮಾನು ಇಷ್ಟು: ಟೆಂಟಿಗಿಂತ ಪ್ರತಿ ಬದಿಯೂ ಎರಡು ಮೂರು ಅಡಿ ಹೊರಚಾಚುವಷ್ಟು ದೊಡ್ಡ ಟಾರ್ಪಾಲು ಅಥವಾ ಶೇಡ್ ನೆಟ್, ನಾಲ್ಕು ಬಿದಿರಿನ ಗಳ, ಗಟ್ಟಿ ನೈಲಾನ್ ಹಗ್ಗ, ಎಂಟು ಹತ್ತು ಗೂಟ, ಒಂದು ಸುತ್ತಿಗೆ. ಆರು ಜನರ ಟೆಂಟಿಗೆ 15 ಅಡಿ ಉದ್ದ, 15 ಅಡಿ ಅಗಲದ ಟಾರ್ಪಾಲು ಸಾಕಾಗುತ್ತದೆ.

ಟಾರ್ಪಾಲೋ ಶೇಡ್ ನೆಟ್ಟೋ ಎಂದು ಕೇಳಿದರೆ ಮರವಿಲ್ಲದ ಕಡೆ ಎರಡೂ ಇರಲಿ ಎನ್ನುತ್ತೇನೆ. ನರ್ಸರಿಗಳಿಗೆ, ತರಕಾರಿ ಮಡಿಗಳಿಗೆ ರೈತರು ಕಟ್ಟುವ ಹಸಿರು ಶೇಡ್ ನೆಟ್ ಯಾವ ತಾಲ್ಲೂಕಿನ ಕೃಷಿ ಸಾಮಗ್ರಿ ಅಂಗಡಿಯಲ್ಲೂ ಸಿಗುತ್ತದೆ, ಮೀಟರಿನ ಲೆಕ್ಕದಲ್ಲಿ ಕೊಡುತ್ತಾರೆ. 50, 75, 90 ಪ್ರತಿಶತ ಎಂಬ ಸಂಖ್ಯೆಗಳು ಎಷ್ಟು ಬಿಸಿಲು ತಡೆಯುತ್ತದೆ ಎಂಬುದರ ಅಳತೆ. ನಮಗೆ 75 ಅಥವಾ 90ರದ್ದು ಬೇಕು. ಇದರ ದೊಡ್ಡ ಗುಣವೆಂದರೆ ಕಾದ ಗಾಳಿ ಅಡಿಯಲ್ಲಿ ನಿಲ್ಲದೆ ರಂಧ್ರಗಳ ಮೂಲಕ ಮೇಲಕ್ಕೆ ಹೋಗಿಬಿಡುತ್ತದೆ, ಬಿರುಗಾಳಿಗೆ ಟಾರ್ಪಾಲಿನಂತೆ ಹಾಯಿಯಾಗಿ ಉಬ್ಬುವುದಿಲ್ಲ. ಮಳೆ ತಡೆಯುವುದಿಲ್ಲ ಎಂಬುದೊಂದೇ ಕೊರತೆ. ಟಾರ್ಪಾಲೇ ಆದರೆ ಒಂದು ಬದಿ ಬೆಳ್ಳಿ ಬಣ್ಣದ್ದಿರಲಿ, ಆ ಬದಿ ಆಕಾಶ ನೋಡಲಿ. ಕಪ್ಪು, ಕಡುನೀಲಿ ಟಾರ್ಪಾಲು ತಾನೇ ಕಾದು ಕೆಳಕ್ಕೆ ಶಾಖ ಸೂಸುತ್ತದೆ.

ಕಟ್ಟುವಾಗ ಮರೆಯಬಾರದ ಸಂಗತಿ ಅಂತರ. ಟೆಂಟಿನ ನೆತ್ತಿಗೂ ಚಪ್ಪರಕ್ಕೂ ನಡುವೆ ಕನಿಷ್ಠ ಒಂದೂವರೆ ಅಡಿ ಬಿಡಿ, ಎರಡು ಅಡಿ ಬಿಟ್ಟರೆ ಇನ್ನೂ ಚೆನ್ನ. ಟಾರ್ಪಾಲನ್ನು ನೇರವಾಗಿ ಟೆಂಟಿನ ಮೇಲೆಯೇ ಹೊದಿಸಿ ‘ನೆರಳು ಮಾಡಿದೆ’ ಎಂದುಕೊಳ್ಳುವವರಿದ್ದಾರೆ. ಅದು ನೆರಳಲ್ಲ, ಮತ್ತೊಂದು ಕಂಬಳಿ. ನಡುವೆ ಗಾಳಿ ಹರಿದಾಗ ಮಾತ್ರ ಮೇಲಿನ ಪದರದ ಶಾಖ ಕೆಳಗಿನದಕ್ಕೆ ಇಳಿಯುವುದಿಲ್ಲ. ಒಂದು ಬದಿ ಸ್ವಲ್ಪ ತಗ್ಗಾಗಿರಲಿ, ಮಳೆ ಬಂದರೆ ನೀರು ಜಾರಿ ಹೋಗಬೇಕು. ಪಶ್ಚಿಮ ಮತ್ತು ವಾಯವ್ಯದ ಕಡೆಗೇ ತಗ್ಗು ಮಾಡಿದರೆ ಸಂಜೆಯ ಓರೆ ಬಿಸಿಲೂ ತಪ್ಪುತ್ತದೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಸರಿಯಾಗಿ ಪಶ್ಚಿಮದಲ್ಲಲ್ಲ, ಉತ್ತರಕ್ಕೆ ಕೊಂಚ ವಾಲಿ.

ಹಗ್ಗಕ್ಕೆ ಎಳೆದರೆ ಬಿಚ್ಚಿಕೊಳ್ಳುವ ಜೀರುಗುಣಿಕೆ ಹಾಕಿ. ಏಕೆಂದು ಮುಂದೆ ಹೇಳುತ್ತೇನೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಖಾಲಿ ಅಕ್ಕಿ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳದ ಗುಂಡಿಯಲ್ಲಿ ಹೂತರೆ ಕದಲುವುದಿಲ್ಲ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿಡಿ, ಮಕ್ಕಳು ಎಡವುವುದು ತಪ್ಪುತ್ತದೆ.

ಬಾಗಿಲು ಎತ್ತ ಕಡೆ

ಗಾಳಿ ಬರುವ ಕಡೆಗೆ. ನೋಟ ಚೆನ್ನಾಗಿರುವ ಕಡೆಗಲ್ಲ. ಈ ವಿಷಯದಲ್ಲಿ ಮನೆಯವರೊಂದಿಗೆ ಚಿಕ್ಕ ಜಗಳವಾದರೂ ಆಗಲಿ, ಬಿಟ್ಟುಕೊಡಬೇಡಿ.

ಕಡಲ ತೀರದಲ್ಲಿ ಹಗಲು ಗಾಳಿ ಸಮುದ್ರದಿಂದ ನೆಲದ ಕಡೆ, ರಾತ್ರಿ ಕಳೆದಂತೆ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಹಾಗಾಗಿ ಅಲ್ಲಿ ಪೂರ್ವ ಪಶ್ಚಿಮ ಎರಡೂ ಕಡೆ ತೆರೆದಿರಬೇಕು. ಬೆಟ್ಟದ ಇಳಿಜಾರಿನಲ್ಲಿ ಹಗಲು ಗಾಳಿ ಮೇಲೇರುತ್ತದೆ, ರಾತ್ರಿ ತಣ್ಣನೆಯ ಗಾಳಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ರಾತ್ರಿಗಾಗಿ ಒಂದು ಕಿಟಕಿ ಬೆಟ್ಟದ ಕಡೆಗಿರಲಿ. ಬಯಲಿನಲ್ಲಿ ನಿಶ್ಚಿತ ನಿಯಮವಿಲ್ಲ. ಒಂದು ಚಿಟಿಕೆ ಮಣ್ಣು ತೂರಿ ನೋಡಿ.

ಬಿಸಿ ಗಾಳಿ ಮೇಲೇರುತ್ತದೆಯಾದ್ದರಿಂದ ಒಳಬರುವ ದಾರಿ ಕೆಳಗೆ, ಹೊರಹೋಗುವ ದಾರಿ ಮೇಲೆ ಇರಬೇಕು. ಮೇಲ್ಹೊದಿಕೆಯ ಅಂಚನ್ನು ನೆಲಕ್ಕೆ ತಾಗಿಸದೆ ಒಂದು ಗೇಣು ಎತ್ತರಿಸಿ ಕಟ್ಟಿ, ನೆತ್ತಿಯ ಗಾಳಿಕಿಂಡಿಗಳನ್ನು ಪೂರ್ತಿ ತೆರೆಯಿರಿ. ಚಪ್ಪರ ಇರುವಾಗ, ಮೋಡ ಇಲ್ಲದಾಗ, ಮೇಲ್ಹೊದಿಕೆಯನ್ನೇ ತೆಗೆದು ಬರಿ ಜಾಲರಿ ಉಳಿಸಿದರೆ ಅದಕ್ಕಿಂತ ಉತ್ತಮ ಉಪಾಯವಿಲ್ಲ. ಬ್ಯಾಗುಗಳನ್ನು ಟೆಂಟಿನ ಸುತ್ತಲೂ ಗೋಡೆಯಂತೆ ಜೋಡಿಸುವ ಅಭ್ಯಾಸ ಕೆಲವರಿಗಿದೆ. ಕೆಳಗಿನ ಗಾಳಿಗೆ ಅಡ್ಡ ನಿಲ್ಲುವುದು ಅವೇ. ಕಾರಿನಲ್ಲಿಡಿ.

ಮಧ್ಯಾಹ್ನ ಟೆಂಟ್ ಬೇಡ

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಟೆಂಟಿನೊಳಗೆ ಯಾರಿಗೂ ಕೆಲಸವಿಲ್ಲ. ಆಗ ಅದು ಎದ್ದು ನಿಂತಿರಬೇಕಾದ ಅಗತ್ಯವೂ ಇಲ್ಲ. ಒಂದೇ ರಾತ್ರಿಯ ಪ್ರವಾಸವಾದರೆ ಮೊದಲು ಚಪ್ಪರ ಮಾತ್ರ ಹಾಕಿ, ಟೆಂಟನ್ನು ಐದು ಗಂಟೆಯ ನಂತರ ಎಬ್ಬಿಸಿ. ಎರಡು ಮೂರು ರಾತ್ರಿ ಇರುವವರು ಬೆಳಿಗ್ಗೆ ಕೋಲುಗಳನ್ನು ಕಳಚಿ ಟೆಂಟನ್ನು ನೆಲಕ್ಕೆ ಮಲಗಿಸಿಬಿಡಿ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಟ್ಟೆ ಜೀರ್ಣವಾಗುವುದೂ ಇದರಿಂದ ತಪ್ಪುತ್ತದೆ.

ಹಗಲೆಲ್ಲ ಚಪ್ಪರದಡಿ ಈಚಲು ಚಾಪೆ, ಜಮಖಾನ ಹಾಸಿಕೊಂಡು ಕಳೆಯಿರಿ. ಹಸುಗೂಸಿಗೆ ಮಧ್ಯಾಹ್ನದ ನಿದ್ದೆಗೆ ಟೆಂಟಿಗಿಂತ ಕೊಂಬೆಗೆ ಕಟ್ಟಿದ ಹಳೆಯ ಹತ್ತಿ ಸೀರೆಯ ಜೋಲಿ ಸಾವಿರ ಪಾಲು ವಾಸಿ. ಗಾಳಿ ನಾಲ್ಕೂ ಕಡೆಯಿಂದ ಆಡುತ್ತದೆ. ಕೊಂಬೆ ಗಟ್ಟಿಯಿರಬೇಕು, ಜೋಲಿ ನೆಲದಿಂದ ಮೊಣಕಾಲೆತ್ತರಕ್ಕಿಂತ ಮೇಲೆ ಬೇಡ, ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು. ‘ಮಗು ಮಲಗಿದೆ, ಐದು ನಿಮಿಷ’ ಎಂದು ಜಿಪ್ ಎಳೆದ ಟೆಂಟಿನಲ್ಲಿ ಬಿಸಿಲಿನ ಹೊತ್ತು ಮಗುವನ್ನಾಗಲಿ ನಾಯಿಯನ್ನಾಗಲಿ ಬಿಟ್ಟು ಹೋಗಬೇಡಿ. ಇದಕ್ಕೆ ರಿಯಾಯಿತಿ ಇಲ್ಲ.

ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿ. ಒಲೆ ಟೆಂಟಿನಿಂದ ದೂರ, ಗಾಳಿ ಟೆಂಟಿನ ಕಡೆಯಿಂದ ಬೀಸುವಂತಹ ಜಾಗದಲ್ಲಿರಲಿ. ಮಧ್ಯಾಹ್ನಕ್ಕೆ ಮೊಸರನ್ನ, ಕೋಸಂಬರಿ, ನೀರು ಮಜ್ಜಿಗೆ ಸಾಕು. ರಾಗಿ ಅಂಬಲಿಯನ್ನು ಫ್ಲಾಸ್ಕಿನಲ್ಲಿ ತಂದರೆ ಮಕ್ಕಳು ಮೂಗು ಮುರಿದರೂ ಹಿರಿಯರು ಹರಸುತ್ತಾರೆ.

ನೀರು, ಮಂಜುಗಡ್ಡೆ, ಫ್ಯಾನ್

ಫ್ಯಾನಿನ ಮುಂದೆ ಮಂಜುಗಡ್ಡೆಯ ತಟ್ಟೆ ಇಟ್ಟರೆ ಟೆಂಟ್ ಎ.ಸಿ. ಆಗುತ್ತದೆ ಎಂಬ ವಿಡಿಯೊಗಳನ್ನು ನಂಬಬೇಡಿ. ಲೆಕ್ಕ ಹಾಕಿ: ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವ ಶಾಖ ಸುಮಾರು 93 ವ್ಯಾಟ್–ಗಂಟೆ. ನಾಲ್ವರ ಮೈಯಿಂದ ಹೊರಡುವ 300 ವ್ಯಾಟ್ ಅದನ್ನು ಇಪ್ಪತ್ತು ನಿಮಿಷದೊಳಗೆ ತಿಂದುಹಾಕುತ್ತದೆ. ಆಮೇಲೆ ಉಳಿಯುವುದು ತೇವ ಮಾತ್ರ. ಮಂಜುಗಡ್ಡೆಯನ್ನು ಪೆಟ್ಟಿಗೆಯಲ್ಲಿಟ್ಟು ಕುಡಿಯುವ ನೀರು, ಮೊಸರು ತಣ್ಣಗಿಡಲು ಬಳಸಿ.

ನೀರು ಆವಿಯಾಗುವಾಗ ಮಾತ್ರ ದೊಡ್ಡ ಕೆಲಸ ನಡೆಯುತ್ತದೆ. ಒಂದು ಲೀಟರ್ ನೀರು ಆರಿಹೋದರೆ ಒಂದು ಕಿಲೋ ಮಂಜುಗಡ್ಡೆ ಕರಗಿದ್ದಕ್ಕಿಂತ ಏಳು ಪಟ್ಟು ಹೆಚ್ಚು ಶಾಖವನ್ನು ಹೊತ್ತೊಯ್ಯುತ್ತದೆ. ಹೂಜಿಯ ನೀರು ತಣ್ಣಗಿರುವ ಗುಟ್ಟೂ ಇದೇ, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ಹಳೆಯ ಮನೆಗಳ ಗುಟ್ಟೂ ಇದೇ. ಹಂಪಿ, ರಾಯಚೂರು, ಚಿತ್ರದುರ್ಗ, ವಿಜಯಪುರದ ಒಣ ಗಾಳಿಯಲ್ಲಿ ಇದನ್ನು ಧಾರಾಳವಾಗಿ ಬಳಸಿ. ಗಾಳಿ ಬರುವ ದಿಕ್ಕಿಗೆ, ಚಪ್ಪರದ ಅಂಚಿನಿಂದ ಒದ್ದೆ ಮಾಡಿದ ಹತ್ತಿಯ ಪಂಚೆ ಅಥವಾ ಹಳೆಯ ಸೀರೆಯನ್ನು ಇಳಿಬಿಡಿ, ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸಿ. ಚಪ್ಪರದ ಸುತ್ತಲಿನ ಮಣ್ಣಿಗೂ ಸಂಜೆ ನಾಲ್ಕು ತಂಬಿಗೆ ನೀರು ಎರಚಿ. ಒದ್ದೆ ಬಟ್ಟೆ ಹೊರಗಿರಬೇಕು, ಟೆಂಟಿನೊಳಗೆ ನೇತುಹಾಕಿದರೆ ಒಳಗೆ ಉಬ್ಬೆ ಹಾಕಿದಂತಾಗುತ್ತದೆ. ಕರಾವಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿನ ಗಾಳಿ ಆಗಲೇ ನೀರು ಕುಡಿದು ಕೂತಿದೆ. ಅಲ್ಲಿ ನೆರಳು, ಗಾಳಿ, ಫ್ಯಾನ್ ಮೂರೇ ಗತಿ. ನೀರಿನಲ್ಲಿ ಓಡುವ ಪುಟ್ಟ ‘ಏರ್ ಕೂಲರ್’ಗಳನ್ನು ಕಡಲ ತೀರಕ್ಕೆ ಒಯ್ಯುವುದು ದುಡ್ಡಿಗೂ ಬ್ಯಾಟರಿಗೂ ದಂಡ.

ಫ್ಯಾನ್ ಮಾತ್ರ ಒಯ್ಯಿರಿ. ಐದು ವ್ಯಾಟಿನ ರೀಚಾರ್ಜ್ ಫ್ಯಾನನ್ನು 20,000 ಎಂ.ಎ.ಎಚ್. ಪವರ್ ಬ್ಯಾಂಕ್ ಹತ್ತು ಗಂಟೆಯಾದರೂ ಓಡಿಸುತ್ತದೆ, ಅಂದರೆ ಒಂದು ರಾತ್ರಿಗೆ ಸಾಕು. ಸಂಜೆ ಮೊದಲ ಅರ್ಧ ಗಂಟೆ ಅದನ್ನು ಮೇಲಿನ ಕಿಂಡಿಗೆ ಮುಖ ಮಾಡಿ ಕಟ್ಟಿ, ಒಳಗಿನ ಕಾದ ಗಾಳಿಯನ್ನು ಹೊರಕ್ಕೆ ತಳ್ಳಲಿ. ಮಲಗುವಾಗ ಮಕ್ಕಳ ಕಡೆ ತಿರುಗಿಸಿ. ಉಷ್ಣಾಂಶ 35 ದಾಟಿದಾಗ ಒಣ ಮೈಮೇಲೆ ಫ್ಯಾನ್ ಬಿಟ್ಟರೆ ಬಿಸಿ ಗಾಳಿಯೇ ಬಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಕುತ್ತಿಗೆ, ತೋಳು, ಪಾದ ಒರೆಸಿ ಆಮೇಲೆ ಗಾಳಿ ಬಿಡಿ. ಕಾರಿನ ಎ.ಸಿ. ಹಾಕಿ ಪೈಪಿನಲ್ಲಿ ಟೆಂಟಿಗೆ ತರುವ ಸಾಹಸ ಬೇಡ. ಟೆಂಟಿನ ಪಕ್ಕ ಎಂಜಿನ್ ಓಡುತ್ತಿದ್ದರೆ ವಿಷದ ಹೊಗೆ ಒಳಗೆ ಸೇರುತ್ತದೆ. ಒಲೆ, ಕೆಂಡ, ಸೊಳ್ಳೆ ಬತ್ತಿ ಕೂಡ ಟೆಂಟಿನೊಳಗೆ ನಿಷಿದ್ಧ.

ರಾತ್ರಿ

ಹಗಲು ಕಾಪಾಡಿದ ಚಪ್ಪರವೇ ರಾತ್ರಿ ಬಯಲುಸೀಮೆಯಲ್ಲಿ ಅಡ್ಡಿಯಾಗುತ್ತದೆ ಎಂದರೆ ಆಶ್ಚರ್ಯವಾಗಬಹುದು. ತಿಳಿ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ನಡುವೆ ಟಾರ್ಪಾಲು ಇದ್ದರೆ ಆ ದಾರಿ ಮುಚ್ಚಿದಂತೆ. ಆದ್ದರಿಂದ ಆಕಾಶ ತಿಳಿಯಾಗಿದ್ದರೆ ಸೂರ್ಯ ಮುಳುಗಿದ ಮೇಲೆ ಟಾರ್ಪಾಲಿನ ಒಂದು ಬದಿಯ ಹಗ್ಗಗಳನ್ನು ಬಿಚ್ಚಿ ಮಡಚಿಡಿ, ಬರಿ ಜಾಲರಿಯ ಟೆಂಟಿನಲ್ಲಿ ನಕ್ಷತ್ರ ನೋಡುತ್ತ ಮಲಗಿ. ಬೆಳಿಗ್ಗೆ ಏಳಕ್ಕೆ ಮುಂಚೆ ಮತ್ತೆ ಕಟ್ಟಿ. ಕರಾವಳಿಯಲ್ಲೂ ಮೋಡವಿರುವ ದಿನಗಳಲ್ಲೂ ಇದರಿಂದ ದೊಡ್ಡ ಲಾಭವಿಲ್ಲ, ಇಬ್ಬನಿಯಿಂದ ಕಾಪಾಡಲು ಹಾಗೆಯೇ ಇರಲಿ.

ಹಾಸಿಗೆಯ ವಿಷಯದಲ್ಲಿ ನಮ್ಮ ಚಾಪೆಯೇ ಗೆದ್ದಿತು. ಗಾಳಿ ತುಂಬಿದ ಹಾಸಿಗೆಯೂ ದಪ್ಪ ಫೋಮೂ ಬೆನ್ನಿನ ಶಾಖವನ್ನು ಅಲ್ಲೇ ಹಿಡಿದಿಡುತ್ತವೆ. ಸ್ಲೀಪಿಂಗ್ ಬ್ಯಾಗನ್ನು ಮನೆಯಲ್ಲೇ ಬಿಡಿ. ಚಾಪೆಯ ಮೇಲೊಂದು ತೆಳು ಹತ್ತಿ ಹಾಸು, ಬೆಳಗಿನ ಜಾವಕ್ಕೆ ಹೊದೆಯಲು ಒಂದು ಪಂಚೆ ಸಾಕು. ಮಲೆನಾಡಿನಲ್ಲಿ ಮಾತ್ರ ಒಂದು ತೆಳು ಕಂಬಳಿ ಹೆಚ್ಚಿಗೆ ಇರಲಿ, ನಾಲ್ಕು ಗಂಟೆಗೆ ಅದರ ಬೆಲೆ ಗೊತ್ತಾಗುತ್ತದೆ.

ಬಂಧುಗಳ ಮನೆಯ ಅಂಗಳದಲ್ಲೋ ಮಹಡಿಯ ಮೇಲೋ ಮಲಗುವುದಾದರೆ ಟೆಂಟೇ ಬೇಡ ಎನ್ನಿಸಬಹುದು. ಆಗ ತಳವೂ ಜಿಪ್ಪೂ ಇರುವ, ಮಡಚುವ ಸೊಳ್ಳೆ ಪರದೆ ಸಾಕು, ಗಾಳಿ ಇನ್ನೂ ಚೆನ್ನಾಗಿ ಆಡುತ್ತದೆ. ತೋಟ, ಗದ್ದೆ, ಕಾಡಂಚಿನಲ್ಲಿ ಹಾವು ಚೇಳುಗಳೂ ಉಣ್ಣೆಗಳೂ ಇರುವುದರಿಂದ ತಳ ಹೊಲಿದ ಜಾಲರಿ ಟೆಂಟಿನ ಜಿಪ್ಪನ್ನು ಪೂರ್ತಿ ಎಳೆದುಕೊಂಡೇ ಮಲಗಬೇಕು. ಗಾಳಿಗಾಗಿ ಜಾಲರಿಯ ಬಾಗಿಲನ್ನೂ ತೆರೆದಿಡುವುದು ಬೇಡ.

ಗುಡುಗು ಕೇಳಿದರೆ

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಬರುವುದು ಇದೇ ದಿನಗಳಲ್ಲಿ. ಮಧ್ಯಾಹ್ನವೆಲ್ಲ ಬೆಂದು, ಸಂಜೆ ಒಮ್ಮೆಲೇ ಗಾಳಿ, ಗುಡುಗು, ಆಲಿಕಲ್ಲು. ನೆರಳಿಗೆಂದು ಆರಿಸಿದ ಮರವೇ ಆಗ ಅಪಾಯ. ಗುಡುಗು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಟೆಂಟ್ ಬಿಟ್ಟು ಪಕ್ಕಾ ಕಟ್ಟಡಕ್ಕೆ, ಇಲ್ಲವಾದರೆ ಗಾಜು ಏರಿಸಿದ ಕಾರಿನೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು. ಕಾರನ್ನು ಮರದಡಿಯಿಂದ ದೂರ ನಿಲ್ಲಿಸಿದ್ದರೆ ಒಳ್ಳೆಯದು. ಜೀರುಗುಣಿಕೆ ಹಾಕಲು ಹೇಳಿದ್ದು ಇದಕ್ಕೇ: ದೂರದಲ್ಲಿ ಮೋಡ ಕಪ್ಪಾಗುವುದು ಕಂಡ ಕೂಡಲೇ ಟಾರ್ಪಾಲನ್ನು ಎರಡು ನಿಮಿಷದಲ್ಲಿ ಇಳಿಸಬಹುದು. ಗಾಳಿಗೆ ಸಿಕ್ಕ ಟಾರ್ಪಾಲು ಬಿದಿರಿನ ಗಳ ಸಮೇತ ಕಿತ್ತುಕೊಂಡು ಹಾರುತ್ತದೆ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪನ್ನು ಹೊರಡುವ ಮೊದಲೇ ಮೊಬೈಲಿಗೆ ಹಾಕಿಕೊಳ್ಳಿ.

ಮಳೆ ನಿಂತ ಮೇಲೆ ನೆಲದಿಂದ ಏಳುವ ಧಗೆ ಸ್ವಲ್ಪ ಹೊತ್ತು ಕಾಡುತ್ತದೆ. ಮೇಲ್ಹೊದಿಕೆ ಹಾಕಿದ್ದರೆ ತೆಗೆದು, ಟೆಂಟನ್ನು ಒರೆಸಿ, ಗಾಳಿ ಆಡಲು ಬಿಟ್ಟು ಆಮೇಲೆ ಮಲಗಿ.

ಯಾವಾಗ ಗಂಟುಮೂಟೆ ಕಟ್ಟಬೇಕು

ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿದ್ದರೆ ಹೊರಡಬೇಡಿ. ಬಯಲಿನಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿಗೆ ಕಡಿಮೆಯಿದ್ದರೆ ಅವರು ಆ ಮಾತು ಎತ್ತುವುದಿಲ್ಲ, ಎತ್ತಿದರೆಂದರೆ ಟೆಂಟಿನ ಉಪಾಯಗಳು ಸಾಲವು. ಕೈಗೂಸುಗಳು, ಎಪ್ಪತ್ತರ ಆಸುಪಾಸಿನ ಅಜ್ಜ ಅಜ್ಜಿ, ರಕ್ತದೊತ್ತಡಕ್ಕೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೊತೆಗಿದ್ದರೆ ಇನ್ನೂ ಮುಂಚೆಯೇ ನಿರ್ಧಾರ ಮಾಡಿ. ಅವರಿಗಾಗಿ ಹತ್ತಿರದಲ್ಲೊಂದು ಕೋಣೆ ಗೊತ್ತುಮಾಡಿಡುವುದು ಸಣ್ಣತನವಲ್ಲ.

ಮಗು ಆಟ ಬಿಟ್ಟು ಮಂಕಾಗಿ ಕೂತರೆ, ನಾಲ್ಕೈದು ಗಂಟೆಯಿಂದ ಮೂತ್ರಕ್ಕೆ ಹೋಗದಿದ್ದರೆ, ತಲೆನೋವು ವಾಕರಿಕೆ ಎಂದರೆ ಕೂಡಲೇ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಬೀಸಿ, ಒ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತಡವರಿಸಿದರೆ, ಗೊಂದಲವಾದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈಮೇಲೆ ನೀರು ಸುರಿಯುತ್ತ ಬೀಸುವುದನ್ನು ನಿಲ್ಲಿಸಬೇಡಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಯಾವ ಊರಿನಲ್ಲಿದೆ ಎಂಬುದನ್ನು ಟೆಂಟಿನ ಮೊದಲ ಗೂಟ ಹೊಡೆಯುವ ಮುನ್ನವೇ ಕೇಳಿ ತಿಳಿದುಕೊಂಡಿರಿ.